ಕುಡಗೋಲಿನ ನಾಡಿಗೆ ರ್‍ಯಾಂಬೊ ಚಾಕು

ಮಳೆಗಾಲ ಮುಗಿದು ಚಾರಣದ ಹಂಗಾಮು ಶುರುವಾಯಿತೆಂದರೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಕಾಡಿನಲ್ಲಿ ಸಿಕ್ಕಿಹಾಕಿಕೊಂಡರೆ ಬದುಕಿ ಬರಲು ಯಾವ ಚಾಕು ಒಯ್ಯಬೇಕು? ಉತ್ತರಗಳೂ ತಪ್ಪದೆ ಬರುತ್ತವೆ. ಅಲಗು ಹಿಡಿಕೆಯ ತುದಿಯವರೆಗೂ ಒಂದೇ ತುಂಡಾಗಿರಬೇಕು, ಬೆನ್ನಿಗೆ ಗರಗಸದ ಹಲ್ಲಿರಬೇಕು, ಕಪ್ಪು ಲೇಪನವಿರಬೇಕು, ಹಿಡಿಕೆಯೊಳಗೆ ದಿಕ್ಸೂಚಿ ಇದ್ದರೆ ಇನ್ನೂ ಒಳ್ಳೆಯದು. ಕೆಳಗೆ ಒಂದು ಕೊಂಡಿ, ಕೊಂಡಿಯ ಕೆಳಗೆ ಕೆಲವು ಸಾವಿರ ರೂಪಾಯಿಯ ಬೆಲೆ.

ನನ್ನ ತಕರಾರು ಚಾಕಿನ ಮೇಲಲ್ಲ. ಚಾಕು ಮನುಷ್ಯ ಮಾಡಿದ ಒಳ್ಳೆಯ ವಸ್ತುಗಳಲ್ಲಿ ಒಂದು. ಹೀಗೆ ಕೇಳುವ ಹುಡುಗರಲ್ಲಿ ಅರ್ಧಕ್ಕರ್ಧ ಜನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ರೈತರ, ಕುರುಬರ, ಕೂಲಿಕಾರರ ಮಕ್ಕಳು. ಅವರ ಮನೆಯ ಜಂತಿಗೆ ಸಿಕ್ಕಿಸಿದ ಕುಡಗೋಲು, ಅಟ್ಟದ ಮೇಲಿನ ಕೊಡಲಿ, ಅಡುಗೆಮನೆಯ ಇಳಿಗಿ ಈ ಪ್ರಶ್ನೆಗೆ ಯಾವತ್ತೋ ಉತ್ತರ ಕೊಟ್ಟಾಗಿದೆ. ಆ ಉತ್ತರವನ್ನು ನಾವು ಜ್ಞಾನವೆಂದು ಎಣಿಸುವುದಿಲ್ಲ ಎಂಬುದೇ ನನ್ನ ಜಗಳ. ಇದರಲ್ಲಿ ಅಂಗಡಿಯವನಿಗಿಂತ ಹೆಚ್ಚಿನ ಪಾಲು ಸಾಹಿತ್ಯ ಓದುವ, ಬರೆಯುವ, ಪಾಠ ಹೇಳುವ ನಮ್ಮದು.

ಮೊದಲು ಮಾತಿನ ವಿಚಾರ. ಈ ಚಾಕು ಮಾರುವವರು ‘ವೈಲ್ಡರ್‌ನೆಸ್’ ಎಂಬ ಪದದ ಮೇಲೆ ವ್ಯಾಪಾರ ಕಟ್ಟಿದ್ದಾರೆ. ಮನುಷ್ಯರಿಲ್ಲದ, ಮನುಷ್ಯನಿಗೆ ವೈರಿಯಾದ ಜಾಗ ಅದು. ಅಲ್ಲಿಗೆ ಒಬ್ಬನೇ ಹೋಗಿ, ಗೆದ್ದು ಬರಬೇಕು. ನಮ್ಮ ಕಡೆ ಅದಕ್ಕೆ ಸಾಟಿಯಾದ ಮಾತೇ ಇಲ್ಲ. ‘ಅಡವಿ’ ಎನ್ನುತ್ತೇವೆ. ಆದರೆ ನಮ್ಮಲ್ಲಿ ಹೊಲಕ್ಕೆ ಹೋದವನೂ ‘ಅಡವ್ಯಾಗ ಅದಾನ’, ಕುರಿ ಹೊಡೆದುಕೊಂಡು ಗುಡ್ಡ ಹತ್ತಿದವನೂ ‘ಅಡವ್ಯಾಗ ಅದಾನ’. ಊರು ಮುಗಿದ ಕಡೆಯಿಂದ ಅಡವಿ ಶುರು. ಅದು ಕೆಲಸದ ಜಾಗ. ಅಲ್ಲಿ ಬುತ್ತಿ ಬಿಚ್ಚುತ್ತಾರೆ, ಹಾಡು ಹೇಳುತ್ತಾರೆ, ಹೆರಿಗೆ ಆದದ್ದೂ ಉಂಟು. ಕರಿಮಣ್ಣಿನ ಎರೆ, ಸವದತ್ತಿ ಮತ್ತು ರಾಮದುರ್ಗದ ಕಲ್ಲುಗುಡ್ಡ, ಮಲಪ್ರಭೆಯ ದಂಡೆ, ಕಿತ್ತೂರಿನಿಂದ ಪಡುವಣಕ್ಕೆ ಸರಿದರೆ ಖಾನಾಪುರದ ದಟ್ಟ ಕಾಡು, ಎಲ್ಲವೂ ಆ ಒಂದು ಮಾತಿನೊಳಗೆ ಬರುತ್ತವೆ. ಅಡವಿಯನ್ನು ಗೆಲ್ಲಬೇಕೆಂದು ಹೊರಟವನಿಗೆ ಒಂದು ಥರದ ಚಾಕು ಬೇಕು. ಅಡವಿಯಲ್ಲಿ ಕೆಲಸ ಮಾಡಿ ಸಂಜೆಗೆ ಮನೆಗೆ ಬರುವವನಿಗೆ ಬೇರೆ ಥರದ್ದು.

ಆ ಮೊದಲನೆಯ ಚಾಕು ಎಲ್ಲಿಂದ ಬಂತೆಂದು ಹುಡುಕಿದರೆ ಸಿಗುವುದು ಕಾಡಲ್ಲ, ಸಿನಿಮಾ. 1982ರಲ್ಲಿ ಬಂದ ‘ಫಸ್ಟ್ ಬ್ಲಡ್’ ಚಿತ್ರದಲ್ಲಿ ರ್‍ಯಾಂಬೊ ಎಂಬ ಮಾಜಿ ಸೈನಿಕ ಕಾಡಿನೊಳಗೆ ಪೊಲೀಸರೊಂದಿಗೆ ಸೆಣಸುತ್ತಾನೆ. ಅವನ ಕೈಯಲ್ಲಿದ್ದ ಗರಗಸದ ಬೆನ್ನಿನ, ಟೊಳ್ಳು ಹಿಡಿಕೆಯ ಚಾಕನ್ನು ಜಿಮ್ಮಿ ಲೈಲ್ ಎಂಬ ಅಮೆರಿಕದ ಕುಶಲಕರ್ಮಿ ಮಾಡಿಕೊಟ್ಟಿದ್ದ. ಲೈಲ್ ಗಟ್ಟಿ ಕೆಲಸಗಾರ. ಅವನ ನಂತರ ಜಗತ್ತಿನ ಸಂತೆಗಳಿಗೆ ಬಂದು ಬಿದ್ದ ಅಗ್ಗದ ನಕಲುಗಳ ಕತೆ ಬೇರೆ. ಹಿಡಿಕೆಯನ್ನು ಟೊಳ್ಳು ಮಾಡಿದರೆ ಅಲಗಿನ ಬುಡ ಹಿಡಿಕೆಯೊಳಗೆ ಆಳಕ್ಕೆ ಇಳಿಯಲು ಜಾಗವಿರುವುದಿಲ್ಲ. ಜೋರಾಗಿ ಹೊಡೆದರೆ ಮುರಿಯುವುದು ಅಲ್ಲೇ. ಬೆನ್ನಿನ ಮೇಲಿನ ಗರಗಸದಿಂದ ಮರ ಕೊಯ್ಯಲು ನೋಡಿದವರಿಗೆ ಅದು ಎಷ್ಟು ಕೊಯ್ಯುತ್ತದೆಂದು ಗೊತ್ತು. ಚಿತ್ರಕ್ಕೆ ಬೇಕಾದ ವಸ್ತುವನ್ನು ಬದುಕಿಗೆ ಬೇಕಾದ ವಸ್ತು ಎಂದು ಮಾರಲಾಯಿತು. ಇವತ್ತು ಅದೇ ವಸ್ತು ಬೇರೆ ಬೇರೆ ಬಣ್ಣದಲ್ಲಿ ನಮ್ಮ ಮೊಬೈಲ್ ಪರದೆಗೆ ಬರುತ್ತಿದೆ.

ಹೊರಗಿನದೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಸ್ವೀಡನ್ನಿನ ಮೊರಾ ಚಾಕು ನೋಡಿ. ಸುಮಾರು 10 ಸೆಂಟಿಮೀಟರ್ ಅಲಗು, ಸಾದಾ ಹಿಡಿಕೆ, ಕಡಿಮೆ ಬೆಲೆ. ಅದು ಬಡಗಿಗಳ, ರೈತರ ಚಾಕು. ಉತ್ತರ ಯುರೋಪಿನ ಹಿಮಪ್ರದೇಶದಲ್ಲಿ ಹಿಮಸಾರಂಗ ಮೇಯಿಸುವ ಸಾಮಿ ಜನರ ಹತ್ತಿರ ಲೆವುಕು ಎಂಬ ಉದ್ದನೆಯ ಚಾಕಿದೆ. ಟೊಂಗೆ ಕಡಿಯಲೂ ಮಾಂಸ ಕೊಯ್ಯಲೂ ಅದೇ. ಕಾಡಿನ ಬದುಕು ಬಲ್ಲ ಪಾಶ್ಚಾತ್ಯರು ಮೆಚ್ಚುವ ಚಾಕುಗಳು ಇಂಥವೇ: ದನಗಾಹಿಯವು, ಬಡಗಿಯವು. ಅವರು ತಮ್ಮ ಕುರಿಗಾಹಿಯ ಕೈ ನೋಡಿ ಕಲಿತರು. ನಾವು ಅವರ ಜಾಹೀರಾತು ನೋಡಿ ಕಲಿಯುತ್ತಿದ್ದೇವೆ. ಪಕ್ಕದಲ್ಲೇ ಹಟ್ಟಿ ಹಾಕಿರುವ ಕುರುಬನ ಕೈ ನೋಡುತ್ತಿಲ್ಲ.

ಅವನ ಕೈಯಲ್ಲಿ ಇರುವುದೇನು? ಉದ್ದನೆಯ ಬಿದಿರ ಗಳದ ತುದಿಗೆ ಬಿಗಿದ ಕುಡಗೋಲು. ಹೆಗಲ ಮೇಲೆ ಕಂಬಳಿ. ತಿಂಗಳುಗಟ್ಟಲೆ ಮನೆಯ ಹೊರಗೆ ಮಲಗುವವನು ಅವನು. ಮಳೆ, ಬಿಸಿಲು, ತೋಳ, ಕಳ್ಳ ಎಲ್ಲವೂ ಅವನ ದಿನದ ಲೆಕ್ಕದಲ್ಲಿವೆ. ಅವನಷ್ಟು ‘ವೈಲ್ಡರ್‌ನೆಸ್’ ಕಂಡ ಚಾರಣಿಗ ನಮ್ಮಲ್ಲಿ ಯಾರೂ ಇಲ್ಲ. ಆದರೂ ಅವನು ನೇರ ಅಲಗಿನ ಚಾಕು ಬಿಟ್ಟು ಬಾಗಿದ ಅಲಗನ್ನೇ ಆರಿಸಿಕೊಂಡಿದ್ದಾನೆ. ಕಾರಣ ಸರಳ. ನಮ್ಮ ನೆಲದ ಗಿಡ ಎಂದರೆ ಜಾಲಿ, ಅದರಲ್ಲೂ ಬಳ್ಳಾರಿ ಜಾಲಿ. ಮೈತುಂಬ ಮುಳ್ಳು. ನೇರ ಅಲಗಿನಿಂದ ಕಡಿಯಲು ಬೀಸಬೇಕು, ಬೀಸಲು ಹತ್ತಿರ ಹೋಗಬೇಕು, ಹತ್ತಿರ ಹೋದರೆ ಮುಳ್ಳು. ತೆಳ್ಳಗಿನ ಟೊಂಗೆಗೆ ಬೀಸಿದ ಪೆಟ್ಟು ಜಾರಿ ಮೊಣಕಾಲಿಗೂ ಬರಬಹುದು. ಬಾಗಿದ ಅಲಗು ಟೊಂಗೆಯನ್ನು ತಾನೇ ಹಿಡಿದುಕೊಳ್ಳುತ್ತದೆ, ಎಳೆದರೆ ಕೊಯ್ಯುತ್ತದೆ. ಕೊಯ್ದ ಮುಳ್ಳುಟೊಂಗೆಯನ್ನು ಕೈ ತಾಗಿಸದೆ ಎಳೆದು ತಂದು ಹಟ್ಟಿಗೆ ಬೇಲಿ ಮಾಡುವುದೂ ಅದರಿಂದಲೇ. ಮಲೆನಾಡಿನವರು ಸೊಂಟದ ಹಿಂದೆ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ಕತ್ತಿಯ ಮೂತಿಯೂ ಬಾಗಿರುವುದು ಸುಮ್ಮನೆ ಅಲ್ಲ. ದಪ್ಪ ಕಟ್ಟಿಗೆ ಸೀಳಲು ಚಾಕಿನ ಬೆನ್ನಿಗೆ ಕೊರಡಿನಿಂದ ಹೊಡೆಯುವುದನ್ನು ವಿಡಿಯೊಗಳಲ್ಲಿ ಶಾಸ್ತ್ರದಂತೆ ಕಲಿಸುತ್ತಾರೆ. ನಮ್ಮಲ್ಲಿ ಆ ಕೆಲಸಕ್ಕೆ ಕೊಡಲಿ ಇದೆ. ಒಲೆಗೆ ಹತ್ತಿಕಟ್ಟಿಗೆ, ಜಾಲಿ ಪುಳ್ಳೆ, ಕುಳ್ಳು ಸಾಕು. ಅವನ್ನು ಸೀಳಲು ಯಾರೂ ಕುಸ್ತಿ ಹಿಡಿಯುವುದಿಲ್ಲ.

ಸಂಶೋಧನೆಯ ಕೆಲಸಕ್ಕೆಂದು ನಾನು ಈ ತಾಲೂಕುಗಳ ಸಂತೆಗಳಲ್ಲಿ ಕುಡಗೋಲು ಮಾರುವವರ ಪಕ್ಕ ಕೂತು, ಕೊಳ್ಳುವವರ ಮಾತು ಬರೆದುಕೊಳ್ಳುತ್ತೇನೆ. ಒಮ್ಮೆ ಒಬ್ಬಾಕೆ ಕುಡಗೋಲನ್ನು ಅಂಗೈ ಮೇಲೆ ತೂಗಿದಳು, ಒಂದು ಕಣ್ಣು ಮುಚ್ಚಿ ಅಲಗಿನ ಉದ್ದಕ್ಕೂ ನೋಡಿದಳು, ಉಗುರಿನಿಂದ ಮೀಟಿ ಸದ್ದು ಕೇಳಿದಳು. ಆಮೇಲೆ ಕೇಳಿದಳು:

“ಕಾಕಾ, ಇದು ಪಾಟಾದ್ದೇನು, ಸಳೀದೇನು?”

“ಪಾಟಾದ್ದ ಐತಿ ಯವ್ವಾ. ಸಳೀದಾದ್ರ ನಾಕ ದಿನಕ್ಕ ಬಾಯಿ ಹೊಳ್ಳತೈತಿ.”

ಎರಡು ಸಾಲಿನ ಈ ಮಾತಿನಲ್ಲಿ ಲೋಹಶಾಸ್ತ್ರದ ಒಂದು ಪಾಠವೇ ಇದೆ. ಪಾಟಾ ಎಂದರೆ ಲಾರಿಯ ಕಮಾನುಪಟ್ಟಿ. ಅದರ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಶೇಕಡಾ 0.6ರ ಆಸುಪಾಸು, ಕಾಸಿ ನೀರು ಕುಡಿಸಿದರೆ ಗಟ್ಟಿಯಾಗುತ್ತದೆ, ಹರಿತವನ್ನು ಹಿಡಿದುಕೊಳ್ಳುತ್ತದೆ. ಸಳಿ ಎಂದರೆ ಕಟ್ಟಡಕ್ಕೆ ಹಾಕುವ ಕಬ್ಬಿಣದ ಸರಳು. ಅದರಲ್ಲಿ ಇಂಗಾಲ ಕಡಿಮೆ, ಎಷ್ಟು ನೀರು ಕುಡಿಸಿದರೂ ಬಾಯಿ ಮೆತ್ತಗೆ. ಜೋಳದ ದಂಟಿನಲ್ಲಿ ಸಿಲಿಕಾ ಇರುತ್ತದೆ, ಎಂಥ ಅಲಗನ್ನೂ ಸವೆಸುತ್ತದೆ. ದಿನವಿಡೀ ಜೋಳ ಕೊಯ್ಯುವವಳಿಗೆ ಈ ವ್ಯತ್ಯಾಸ ಕೂಲಿಯ ವ್ಯತ್ಯಾಸ. ಇನ್ನು ಕಂಬಾರ. ಉಕ್ಕನ್ನು ಸುಮಾರು 800 ಡಿಗ್ರಿ ದಾಟಿಸಿ ನೀರಿಗೆ ಅದ್ದಬೇಕೆಂದು ಪುಸ್ತಕ ಹೇಳುತ್ತದೆ. ಅವನ ಹತ್ತಿರ ಉಷ್ಣಮಾಪಕ ಇಲ್ಲ. ಕಾದ ಕೆಂಪಿನ ಬಣ್ಣ ನೋಡಿ ಹದ ಹೇಳುತ್ತಾನೆ. ಹೆಚ್ಚು ಗಟ್ಟಿಯಾದರೆ ಬಾಯಿ ಸಿಡಿಯುತ್ತದೆಂದು ಮತ್ತೆ ಸ್ವಲ್ಪ ಕಾಸಿ ಪೆಡಸು ಇಳಿಸುತ್ತಾನೆ. ಮೊಂಡಾದಾಗ ಹಣಿಸಿ ಕೊಡುತ್ತಾನೆ. ಅಂಗಡಿಯ ಕಪ್ಪು ಚಾಕು ಮೊಂಡಾದರೆ ಯಾರಿಗೆ ಕೊಡುತ್ತೀರಿ?

ಸರಿ, ಬದುಕಿ ಉಳಿಯುವ ಮಾತಿಗೇ ಬರೋಣ. ಈ ಸೀಮೆಯ ಅಡವಿಯಲ್ಲಿ ಜನ ಸಾಯುವುದು ಯಾತರಿಂದ? ಮೊದಲನೆಯದು ಹಾವು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ; ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹಾವು ಕಚ್ಚಿದಾಗ ಚಾಕು ಏನು ಮಾಡುತ್ತದೆ? ಸಿನಿಮಾದಲ್ಲಿ ಗಾಯ ಕೊಯ್ದು ರಕ್ತ ಹೀರುತ್ತಾರೆ. ವೈದ್ಯರು ಕೈಮುಗಿದು ಬೇಡವೆನ್ನುವುದು ಅದನ್ನೇ. ಕೊಯ್ದರೆ ರಕ್ತ ನಿಲ್ಲುವುದಿಲ್ಲ, ಸೋಂಕು ತಗಲುತ್ತದೆ. ವಿಷ ಮಾತ್ರ ಹೊರಗೆ ಬರುವುದಿಲ್ಲ. ಕಚ್ಚಿದ ಕಾಲನ್ನು ಅಲುಗಾಡಿಸದೆ, ಬಿಗಿದು ಕಟ್ಟದೆ, ಪ್ರತಿವಿಷ ಇರುವ ಆಸ್ಪತ್ರೆಗೆ ಆದಷ್ಟು ಬೇಗ ಒಯ್ಯಬೇಕು. ಅಂದರೆ ಜೀವ ಉಳಿಸುವುದು ಒಂದು ಟಾರ್ಚು, ಒಂದು ಜೊತೆ ಗಟ್ಟಿ ಬೂಟು, ಒಬ್ಬ ಬೈಕಿನವನು. ಎರಡನೆಯದು ನೀರು. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟು ತುಂಬಿ ಮಲಪ್ರಭೆಗೆ ನೀರು ಬಿಟ್ಟಾಗ ಮುನವಳ್ಳಿಯೂ ರಾಮದುರ್ಗದ ದಂಡೆಯ ಊರುಗಳೂ ಮುಳುಗಿದವು. ಆಗ ಬೇಕಾಗಿದ್ದದ್ದು ಹಗ್ಗ, ದೋಣಿ, ಬಾಗಿಲು ಬಡಿದು ಎಬ್ಬಿಸುವ ನೆರೆಯವರು. ದನದ ಕೊರಳ ಹಗ್ಗ ಕೊಯ್ಯಲು ಒಂದು ಕುಡಗೋಲು ಬೇಕಾಗಿತ್ತು; ಅದು ಎಲ್ಲರ ಮನೆಯಲ್ಲೂ ಇತ್ತು.

ಇಲ್ಲಿಗೆ ಬಂದಾಗ ಯಾರಾದರೂ ಸಂಗೊಳ್ಳಿ ರಾಯಣ್ಣನ ಹೆಸರು ಎತ್ತಿಯೇ ಎತ್ತುತ್ತಾರೆ. ಕಾಡಿನಲ್ಲಿ ಕತ್ತಿ ಹಿಡಿದು ಬದುಕಿದವನಲ್ಲವೇ ಅವನು? ಹೌದು, ಅವನ ಕತೆಯನ್ನೇ ಸರಿಯಾಗಿ ಓದೋಣ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 2ರಂದು ತೀರಿಕೊಂಡಳು. ಆಮೇಲೆ ರಾಯಣ್ಣ ಕಾಡಿಗಿಳಿದ. ಬೀಡಿ, ನಂದಗಡ, ಸಂಪಗಾವಿಗಳ ಸರ್ಕಾರಿ ಕಚೇರಿಗಳ ಮೇಲೆ ಬಿದ್ದ. ಕಂಪನಿಯ ದಂಡು ಬೆನ್ನು ಹತ್ತಿದರೂ ಅವನು ತಿಂಗಳುಗಟ್ಟಲೆ ಕೈಗೆ ಸಿಗಲಿಲ್ಲ. ಕತ್ತಿಯ ಬಲದಿಂದ ಅಷ್ಟು ದಿನ ಉಳಿದನೇ? ರೊಟ್ಟಿ ಕೊಟ್ಟ ಊರುಗಳು, ಸುದ್ದಿ ಮುಟ್ಟಿಸಿದ ಕುರುಬರು, ದಾರಿ ತೋರಿಸಿದ ಕಾಡಿನ ಜನ ಅವನನ್ನು ಉಳಿಸಿದರು. ಸೆರೆಸಿಕ್ಕದ್ದು ಹೇಗೆಂದು ಲಾವಣಿ ಹೇಳುವವರನ್ನು ಕೇಳಿ: ಮೀಯಲು ಹಳ್ಳಕ್ಕಿಳಿದಾಗ ನಂಬಿದವನ ಕೈಯಲ್ಲೇ ಕತ್ತಿ ಇತ್ತು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಕತ್ತಿ ಎಷ್ಟು ಹರಿತವಾಗಿದ್ದರೂ ಅದು ಯಾರ ಕೈಯಲ್ಲಿದೆ ಎಂಬುದೇ ಕೊನೆಯ ಮಾತು.

ಬೈಲಹೊಂಗಲದ್ದೇ ಇನ್ನೊಂದು ಕತೆ ‘ಸಂಗ್ಯಾ ಬಾಳ್ಯಾ’. ನಮ್ಮ ಸಣ್ಣಾಟಗಳಲ್ಲಿ ಅಷ್ಟು ಜನ ನೋಡಿದ ಇನ್ನೊಂದು ಆಟವಿಲ್ಲ. ಅಲ್ಲಿಯೂ ಸಂಗ್ಯಾ ಸಾಯುವುದು ಆಯುಧವಿಲ್ಲದ್ದಕ್ಕಲ್ಲ, ಗೆಳೆಯ ಬಾಳ್ಯಾ ಕೈಬಿಟ್ಟದ್ದಕ್ಕೆ. ಈ ನೆಲದ ಎರಡು ದೊಡ್ಡ ಕತೆಗಳು ಒಂದೇ ಮಾತು ಹೇಳುತ್ತಿವೆ: ಅಡವಿಯಲ್ಲಿ ಮನುಷ್ಯನನ್ನು ಕಾಯುವುದು ಜೊತೆಗಾರ, ಕೊಲ್ಲುವುದೂ ಅವನೇ. ಒಬ್ಬಂಟಿ ವೀರ ಮತ್ತು ಅವನ ಚಾಕು ಎಂಬ ಕಲ್ಪನೆಗೆ ನಮ್ಮ ಜನಪದದಲ್ಲಿ ಜಾಗವೇ ಇಲ್ಲ. ನಾವೋ ಲಾವಣಿಯಿಂದ ಜೊತೆಗಾರರನ್ನು ತೆಗೆದು ಕತ್ತಿಯೊಂದನ್ನೇ ಇಟ್ಟುಕೊಂಡೆವು, ಅದನ್ನು ಪ್ರತಿಮೆಗಳ ಕೈಗೆ ಕೊಟ್ಟೆವು. ಪ್ರತಿಮೆ ನೋಡಿ ಬೆಳೆದ ಹುಡುಗ ಅಂಗಡಿಯಲ್ಲಿ ಕಪ್ಪು ಚಾಕು ಹುಡುಕಿದರೆ ಅವನೊಬ್ಬನನ್ನೇ ಬಯ್ಯುವುದು ಹೇಗೆ?

ಅಲಗಿನ ಮೇಲೆ ಸರ್ಕಾರದ ಕಣ್ಣು ಹೇಗೆ ಬಿತ್ತೆಂಬುದಕ್ಕೂ ನಮ್ಮ ಸೀಮೆಯೇ ಸಾಕ್ಷಿ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂದಾಗ ಮುಧೋಳ ಕಡೆಯ ಹಲಗಲಿಯ ಬೇಡರು ಒಪ್ಪಿಸಲಿಲ್ಲ. ದಂಡು ಬಂತು, ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. 1878ರಲ್ಲಿ ಇಡೀ ದೇಶಕ್ಕೆ ಆಯುಧ ಕಾಯಿದೆ ಬಂತು. ಸ್ವತಂತ್ರ ಭಾರತದ 1959ರ ಕಾಯಿದೆ ಒಂದು ಒಳ್ಳೆಯ ಗೆರೆ ಎಳೆಯಿತು: ಮನೆಗೆಲಸಕ್ಕೆ, ಒಕ್ಕಲುತನಕ್ಕೆಂದೇ ಮಾಡಿದ ವಸ್ತುಗಳು ಆಯುಧಗಳಲ್ಲ. ಅದರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುವಾಗಲೂ ಕೃಷಿಯ ಸಲಕರಣೆಯನ್ನು ಹೊರಗಿಟ್ಟವು. ಯುದ್ಧದ ಚಾಕಿನಂತೆ ಕಾಣಲೆಂದೇ ಮಾಡಿದ ವಸ್ತುವಿಗೆ ಈ ರಕ್ಷಣೆ ಎಷ್ಟು ಸಿಗುತ್ತದೆಂದು ಕೊಳ್ಳುವವರು ಯೋಚಿಸಲಿ. ಇನ್ನೂ ಒಂದಿದೆ. ಕಿತ್ತೂರಿನ ಹುಡುಗರಿಗೆ ಹತ್ತಿರದ ದಟ್ಟ ಕಾಡು ಎಂದರೆ 2011ರಲ್ಲಿ ಅಭಯಾರಣ್ಯವಾದ ಖಾನಾಪುರದ ಭೀಮಗಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯಕ್ಕೆ ಆಯುಧ ಒಯ್ಯುವಂತಿಲ್ಲ. ಆ ಕಾಯಿದೆಯ ಆಯುಧದ ಪಟ್ಟಿಯಲ್ಲಿ ಚಾಕೂ ಇದೆ. ಯಾವ ಕಾಡಿಗೆಂದು ಇವರು ಚಾಕು ಮಾರುತ್ತಾರೋ ಆ ಕಾಡಿನೊಳಗೆ ಆ ಚಾಕಿಗೇ ಪ್ರವೇಶವಿಲ್ಲ. ಈ ಸಾಲು ಯಾವ ಜಾಹೀರಾತಿನಲ್ಲೂ ನನಗೆ ಕಂಡಿಲ್ಲ.

ಇದಕ್ಕೆ ಬರುವ ಆಕ್ಷೇಪಣೆ ನನಗೆ ಗೊತ್ತು, ಅದು ಹಗುರವಾದದ್ದೂ ಅಲ್ಲ. ‘ನೀವು ಕುಲುಮೆಯ ಹೊಗೆಗೆ ಬಣ್ಣ ಹಚ್ಚುತ್ತಿದ್ದೀರಿ. ಕಂಬಾರನಿಗೆ ಸುಗ್ಗಿಯಲ್ಲಿ ಸಿಗುತ್ತಿದ್ದ ಆಯ ಗೌರವದ ಕೂಲಿ ಆಗಿರಲಿಲ್ಲ. ಕಣದ ಮುಂದೆ ಕಾಯುವ ದೈನ್ಯವಾಗಿತ್ತು. ಅವನ ಮಗ ಐಟಿಐ ಸೇರಿ ಫ್ಯಾಕ್ಟರಿಗೆ ಹೋದರೆ ಒಳ್ಳೆಯದೇ ಅಲ್ಲವೇ? ಕೊಯ್ತಾ ಹಿಡಿದು ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸಿನ ಕೈ ನೋಡಿದ್ದೀರಾ?’ ನೋಡಿದ್ದೇನೆ. ಈ ಆಕ್ಷೇಪಣೆಯ ಒಂದೊಂದು ಮಾತೂ ನಿಜ. ಆಯದ ಪದ್ಧತಿ ಮರಳಿ ಬರಲಿ ಎಂದು ನಾನು ಕೇಳುತ್ತಿಲ್ಲ, ಕಂಬಾರನ ಮಗ ಕಂಬಾರನೇ ಆಗಲಿ ಎಂದೂ ಅಲ್ಲ. ದೈನ್ಯ ಹೋಗಲಿ ಎನ್ನುವವರು ಅದರ ಜೊತೆಗೆ ವಿದ್ಯೆಯೂ ಹೋಗಲಿ ಎನ್ನುವುದೇಕೆ? ಕೈಕೆಲಸದ ಚಾಕು ಮಾಡುವ ಅಮೆರಿಕದವನನ್ನು ಕಲಾವಿದ ಎಂದು ಕರೆದು ಸಾವಿರಗಟ್ಟಲೆ ಕೊಡಲು ಒಪ್ಪುವ ಕೈ, ಸಂತೆಯಲ್ಲಿ ಕಂಬಾರನ ಹತ್ತಿರ 20 ರೂಪಾಯಿಗೆ ಚೌಕಾಸಿ ಮಾಡುತ್ತದೆ. ಬೆಲೆಯಲ್ಲಿರುವ ಈ ಅಂತರವನ್ನು ಉಕ್ಕಿನ ಗುಣದಿಂದ ವಿವರಿಸಲು ಆಗುವುದಿಲ್ಲ, ಜಾತಿಯಿಂದ ಮತ್ತು ಮಾರುಕಟ್ಟೆಯಿಂದ ಮಾತ್ರ ಆಗುತ್ತದೆ.

ಸಾಹಿತ್ಯದವರಾದ ನಮಗೆ ಇದು ಹೊರಗಿನ ವಿಷಯವೂ ಅಲ್ಲ. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಕತೆ ನಮಗೆಲ್ಲ ಗೊತ್ತು: ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಅವನು ಕಾಯಕ ಬಿಡಲಿಲ್ಲ. ಅವನ ಬಗ್ಗೆ ಪ್ರಬಂಧ ಬರೆಯುವ ನಾವು ಅವನ ಕೈಯಲ್ಲಿದ್ದ ಕುಡಗೋಲನ್ನು ಮಾತ್ರ ನೋಡಲಿಲ್ಲ. ನಮ್ಮ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿ ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರ ಹೆಸರಿನಲ್ಲೇ ಕುಲುಮೆ ಇದೆ. ಹಣಿಸು, ಮಸೆ, ಹದ, ಪೆಡಸು, ಬಾಯಿ, ಕಾವು, ತಿದಿ, ಅಡಿಗಲ್ಲು ಎಂಬ ಮಾತುಗಳು ನಿಘಂಟಿನಲ್ಲಿ ಸಿಗಬಹುದು. ‘ಹದ’ ಎಂದರೆ ಎಷ್ಟು ಕೆಂಪು ಎಂಬುದು ನಿಘಂಟಿನಲ್ಲಿ ಸಿಗುವುದಿಲ್ಲ. ಅದು ಒಬ್ಬ ಮುದುಕನ ಕಣ್ಣಿನಲ್ಲಿದೆ. ಅವನ ನಂತರ ಆ ಪದ ಉಳಿದರೂ ಅರ್ಥ ಉಳಿಯುವುದಿಲ್ಲ. ಭಾಷೆ ಸಾಯುವುದು ಹೀಗೆ. ಇಂಗ್ಲಿಷಿನ ದಾಳಿಯ ಮೇಲೆ ಭಾಷಣ ಮಾಡುವವರು ಇದನ್ನು ಗಮನಿಸಲಿ.

ಹಾಗಾದರೆ ಯಾವ ಚಾಕು ಒಯ್ಯಬೇಕು? ಪ್ರಶ್ನೆ ಕೇಳಿದವರಿಗೆ ನೇರ ಉತ್ತರ ಕೊಡುತ್ತೇನೆ. ಹೋಗುವ ಜಾಗದ ಕಾನೂನು ಮೊದಲು ತಿಳಿದುಕೊಳ್ಳಿ. ಒಯ್ಯಬಾರದು ಎಂದಿದ್ದರೆ ಒಯ್ಯಬೇಡಿ. ಒಯ್ಯಬಹುದಾದರೆ ನಾಲ್ಕು ಬೆರಳಗಲದಷ್ಟು ಉದ್ದದ ಸಾದಾ ಅಲಗು ಸಾಕು. ಹಗ್ಗ ಕೊಯ್ಯಲು, ಹಣ್ಣು ಹೆಚ್ಚಲು, ಮುಳ್ಳು ತೆಗೆಯಲು ಅದಕ್ಕಿಂತ ದೊಡ್ಡದು ಬೇಕಿಲ್ಲ. ಮೇಲೊಂದು ಒರೆ ಇರಲಿ. ಪೊದೆ ಸವರುವ ಕೆಲಸವಿದ್ದರೆ ಕುಡಗೋಲು ಒಯ್ಯಿರಿ, ಅದನ್ನು ಬಳಸಿ ಬಲ್ಲವರನ್ನೂ ಕರೆದುಕೊಂಡು ಹೋಗಿ. ಮೊಂಡಾದರೆ ಯಾರು ಹಣಿಸಿ ಕೊಡುತ್ತಾರೆಂದು ಗೊತ್ತಿಲ್ಲದ ಅಲಗನ್ನು ಕೊಳ್ಳಬೇಡಿ. ಉಳಿದ ದುಡ್ಡಿನಲ್ಲಿ ಟಾರ್ಚು, ಹಗ್ಗ, ನೀರಿನ ಬಾಟಲಿ ಕೊಳ್ಳಿ. ಕಾಡಂಚಿನ ಊರಿನವರ ಫೋನ್ ನಂಬರ್ ಕೇಳಿ ಬರೆದುಕೊಳ್ಳಿ.

ಇನ್ನೊಂದು ಮಾತು ಸಂಶೋಧಕರಿಗೆ, ಸಂಘಟಕರಿಗೆ. ಪ್ರತಿ ವರ್ಷ ಅಕ್ಟೋಬರ್ 23ರಿಂದ 25ರವರೆಗೆ ಕಿತ್ತೂರು ಉತ್ಸವ ನಡೆಯುತ್ತದೆ. ಮೆರವಣಿಗೆಯಲ್ಲಿ ಕತ್ತಿಗಳು ಮಿಂಚುತ್ತವೆ. ಈ ಸಲ ಕೋಟೆಯ ಬಯಲಿನಲ್ಲಿ ಒಂದು ಕುಲುಮೆಯನ್ನೂ ಹೂಡಿ. ನಾಲ್ಕು ತಾಲೂಕುಗಳ ಕಂಬಾರರನ್ನು ಕರೆಯಿರಿ. ಕಲಾವಿದರಿಗೆ ಕೊಡುವಷ್ಟೇ ಸಂಭಾವನೆ, ಅಷ್ಟೇ ಎತ್ತರದ ವೇದಿಕೆ ಕೊಡಿ. ವಿಶ್ವವಿದ್ಯಾಲಯದವರು ಧ್ವನಿಮುದ್ರಣದ ಯಂತ್ರ ಹಿಡಿದು ಪಕ್ಕದಲ್ಲಿ ಕೂರಲಿ. ಚೆನ್ನಮ್ಮನ ಕೈಗೆ ಕತ್ತಿ ಎಲ್ಲಿಂದ ಬಂತು, ಅದನ್ನು ಕಾಸಿ ಬಡಿದವರು ಯಾರು ಎಂದು ಒಂದು ಮಗುವಾದರೂ ಅಲ್ಲಿ ಕೇಳಲಿ.